ಪುಟ್ಟ ಗೊಂಬೆಗೆ ನಿಜದಂಥ ಬಣ್ಣ: ತೊಳೆಯುವುದರಿಂದ ವಾರ್ನಿಶ್‌ವರೆಗೆ

ಮಿನಿಯೇಚರ್ ಗೊಂಬೆಗೆ ಬಣ್ಣ ಹಚ್ಚಲು ಶುರು ಮಾಡಿದವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬಣ್ಣ ದಪ್ಪ ಕೂತು ಮುಖದ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಚರ್ಮ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಬೆಳಕು ತೋರಿಸೋಣ ಅಂತ ಬಿಳಿ ಸೇರಿಸಿದರೆ ಬಟ್ಟೆ ಸುಣ್ಣ ಬಳಿದ ಗೋಡೆಯಂತೆ ಕಾಣುತ್ತದೆ. ಆಮೇಲೆ "ಕೈ ನಡುಗುತ್ತೆ, ಇದು ನನ್ನಿಂದಾಗಲ್ಲ" ಅಂತ ಪೆಟ್ಟಿಗೆ ಮುಚ್ಚಿಡುತ್ತಾರೆ.

ಕೈಯದ್ದು ಇಲ್ಲಿ ತಪ್ಪೇನಿಲ್ಲ. ಒಂದು ಬಣ್ಣ ಹಚ್ಚಿ, ಸರಿ ಕಾಣಲಿಲ್ಲ ಅಂತ ಅದರ ಮೇಲೆ ಇನ್ನೊಂದು, ಅದೂ ಸರಿಹೋಗದೆ ಮತ್ತೊಂದು. ಹೀಗೆ ಗೊಂಬೆಯ ಮೈ ಮೇಲೇ ಪ್ರಯೋಗ ನಡೆಯುತ್ತದೆ, ಪದರ ದಪ್ಪವಾಗುತ್ತಾ ಹೋಗುತ್ತದೆ. ಬಣ್ಣದ ತೀರ್ಮಾನ ತಟ್ಟೆಯಲ್ಲೇ ಮುಗಿಯಬೇಕು. ನೆರಳಿನ ಬಣ್ಣ, ನಡುವಿನ ಬಣ್ಣ, ಬೆಳಕಿನ ಬಣ್ಣ, ಈ ಮೂರೂ ಬೆರೆತು, ಕಾಗದದ ಮೇಲೆ ಒಣಗಿ, ಕಣ್ಣಿಗೆ ಒಪ್ಪಿದ ಮೇಲೆ ಬ್ರಷ್ ಗೊಂಬೆಗೆ ತಾಗಬೇಕು. ಕೆಳಗಿನ ಹಂತಗಳ ಕ್ರಮ ಇರುವುದೇ ಇದಕ್ಕಾಗಿ. ಕ್ರಮ ತಪ್ಪಿಸಬೇಡಿ. 9ನೇ ಹಂತದ ಕಣ್ಣನ್ನು ಮಾತ್ರ ಮುಖದ ನೆರಳು ಬೆಳಕಿಗೆ (ಹಂತ 7, 8) ಮುಂಚೆ ಮುಗಿಸಬೇಕು.

## ಬೇಕಾದ ಸಾಮಾನು

ಬ್ರಷ್: ಮೂರು ಸಾಕು. ತಳದ ಬಣ್ಣಕ್ಕೆ 2ನೇ ನಂಬರಿನದು, ಉಳಿದ ಬಹುಪಾಲು ಕೆಲಸಕ್ಕೆ 1ನೇ ನಂಬರಿನದು, ಲೋಹದ ಬಣ್ಣಕ್ಕೆ ಅಂತ ಬೇರೆಯೇ ಒಂದು ಅಗ್ಗದ ಸಿಂಥೆಟಿಕ್ ಬ್ರಷ್. ಮೊದಲೆರಡು ಕೊಲಿನ್ಸ್ಕಿ ಸೇಬಲ್ ಅನ್ನುವ ಪ್ರಾಣಿಯ ಕೂದಲಿನದಾದರೆ ಒಳ್ಳೆಯದು. ಕಣ್ಣು ಬರೆಯಲು 000 ನಂಬರಿನ ಬ್ರಷ್ ಬೇಕೇ ಬೇಕು ಅಂತ ಬಹಳ ಜನ ನಂಬಿದ್ದಾರೆ. ಬೇಡ. ಅಷ್ಟು ಸಣ್ಣ ಬ್ರಷ್ ಹೊಟ್ಟೆಯಲ್ಲಿ ಬಣ್ಣ ನಿಲ್ಲುವುದಿಲ್ಲ, ತಟ್ಟೆಯಿಂದ ಗೊಂಬೆಗೆ ಬರುವಷ್ಟರಲ್ಲಿ ಒಣಗಿರುತ್ತದೆ. ಮೊನೆ ಚೂಪಾಗಿರುವ 1ನೇ ನಂಬರಿನ ಬ್ರಷ್ಷೇ ಕಣ್ಣಿಗೂ ಒದಗುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಮೊನೆ, ನಂಬರಲ್ಲ.

ಬಣ್ಣ: ನೀರಲ್ಲಿ ಕರಗುವ ಅಕ್ರಿಲಿಕ್. ಇಪ್ಪತ್ತು ಮೂವತ್ತು ಬಾಟಲಿಯ ಸೆಟ್ ಬೇಡ. ಬೆರೆಸಲು ಕಲಿಯುವವರಿಗೆ ಎಂಟು ಬಣ್ಣ ಬೇಕಾದಷ್ಟಾಯಿತು: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ತಿಳಿ ನಿಂಬೆ ಹಳದಿ, ನ್ಯಾಫ್ತಾಲ್ ರೆಡ್, ಬರ್ನ್ಟ್ ಸಿಯೆನ್ನಾ (ಕೆಂಗಂದು), ಬರ್ನ್ಟ್ ಅಂಬರ್ (ಕಡು ಕಂದು), ಅಲ್ಟ್ರಾಮರೀನ್ ಬ್ಲೂ, ಥ್ಯಾಲೋ ಬ್ಲೂ. ಕಪ್ಪು ಈ ಪಟ್ಟಿಯಲ್ಲಿಲ್ಲ, ಯಾಕೆ ಅಂತ ಬೆರೆಸುವ ಹಂತದಲ್ಲಿ ಗೊತ್ತಾಗುತ್ತದೆ.

ಟ್ಯೂಬಿನ ಹಿಂದೆ ಪಿಗ್ಮೆಂಟಿನ, ಅಂದರೆ ಬಣ್ಣ ಕೊಡುವ ಪುಡಿಯ, ಕೋಡ್ ಅಚ್ಚಾಗಿರುತ್ತದೆ. ಟೈಟಾನಿಯಂ ವೈಟ್‌ಗೆ ಪಿಡಬ್ಲ್ಯೂ 6, ಅಲ್ಟ್ರಾಮರೀನ್‌ಗೆ ಪಿಬಿ 29, ಥ್ಯಾಲೋ ಬ್ಲೂಗೆ ಪಿಬಿ 15. ಒಂದೇ ಕೋಡ್ ಇದ್ದರೆ ಅದು ಒಂದೇ ಪಿಗ್ಮೆಂಟಿನ ಬಣ್ಣ. ಮೂರ್ನಾಲ್ಕು ಕೋಡ್ ಇದ್ದರೆ ಅದು ಕಂಪನಿಯವರೇ ಬೆರೆಸಿಟ್ಟದ್ದು. ಅಂಥ ಎರಡನ್ನು ನೀವು ಮತ್ತೆ ಬೆರೆಸಿದರೆ ಆರೇಳು ಪಿಗ್ಮೆಂಟ್ ಒಟ್ಟಿಗೆ ಸೇರಿ ಕೆಸರು ಬಣ್ಣ ಬರುತ್ತದೆ. ಆದಷ್ಟೂ ಒಂದೇ ಕೋಡಿನವನ್ನು ಆರಿಸಿ.

ಒದ್ದೆ ತಟ್ಟೆ: ಮುಚ್ಚಳವಿರುವ ಚಪ್ಪಟೆ ಡಬ್ಬಿ ತೆಗೆದುಕೊಳ್ಳಿ. ಒಳಗೆ ತೆಳ್ಳನೆಯ ಸ್ಪಾಂಜ್ ಹಾಸಿ, ಒದ್ದೆ ಮಾಡಿ, ಮೇಲೆ ಬೇಕಿಂಗ್ ಕಾಗದ ಹರಡಿ. ನೀರು ಕಾಗದದ ಮೂಲಕ ಸ್ವಲ್ಪ ಸ್ವಲ್ಪವೇ ಮೇಲೆ ಬರುವುದರಿಂದ ಬೆರೆಸಿದ ಬಣ್ಣ ಗಂಟೆಗಟ್ಟಲೆ ಒಣಗುವುದಿಲ್ಲ. ಇದಿಲ್ಲದೆ ಮೂರು ಬಣ್ಣ ಸಿದ್ಧ ಮಾಡಿಟ್ಟುಕೊಳ್ಳುವ ಮಾತೇ ಇಲ್ಲ. ಒಣ ತಟ್ಟೆಯಲ್ಲಿ ಮೂರನೆಯದು ಬೆರೆಯುವಷ್ಟರಲ್ಲಿ ಮೊದಲನೆಯದು ಗಟ್ಟಿಯಾಗಿರುತ್ತದೆ. ಕಾಗದದ ಮೇಲೆ ನೀರು ನಿಂತಿದ್ದರೆ ಸ್ಪಾಂಜಿನಲ್ಲಿ ನೀರು ಜಾಸ್ತಿಯಾಗಿದೆ ಅಂತ ಅರ್ಥ. ಸ್ವಲ್ಪ ಹಿಂಡಿ ತೆಗೆಯಿರಿ.

ಬೆಳಕು: 5000ರಿಂದ 6500 ಕೆಲ್ವಿನ್ ಒಳಗಿನ, ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಳತೆ) 90ಕ್ಕಿಂತ ಮೇಲಿರುವ ಎಲ್‌ಇಡಿ ದೀಪ. ಹಳದಿ ಬಲ್ಬಿನ ಕೆಳಗೆ ಬೆರೆಸಿದ ಚರ್ಮದ ಬಣ್ಣ ಹಗಲಲ್ಲಿ ನೋಡಿದರೆ ಬೇರೆಯೇ ಆಗಿರುತ್ತದೆ.

ಇವುಗಳ ಜೊತೆ ಎರಡು ಲೋಟ ನೀರು, ಟಿಶ್ಯೂ ಕಾಗದ, ಚೂಪಾದ ಸಣ್ಣ ಕ್ರಾಫ್ಟ್ ಚಾಕು, 400 ಮತ್ತು 800 ನಂಬರಿನ ಸ್ಯಾಂಡ್‌ಪೇಪರ್, ಗೊಂಬೆ ಅಂಟಿಸಿ ಹಿಡಿದುಕೊಳ್ಳಲು ಒಂದು ಹಳೇ ಬಾಟಲಿ ಮುಚ್ಚಳ, ಒಂದು ನೋಟ್‌ಬುಕ್. ನೋಟ್‌ಬುಕ್ ಬಿಡಬೇಡಿ.

## ಹಂತ 1: ತೊಳೆದು, ಕೆರೆದು, ಜೋಡಿಸುವುದು

ಗೊಂಬೆ ಅಚ್ಚಿನಿಂದ ಸುಲಭವಾಗಿ ಬಿಟ್ಟು ಬರಲಿ ಅಂತ ತಯಾರಿಸುವವರು ಜಿಡ್ಡಿನಂಥ ದ್ರವ ಬಳಸುತ್ತಾರೆ. ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸುವ ಪ್ಲಾಸ್ಟಿಕ್‌ನಂಥ ವಸ್ತು) ಗೊಂಬೆಗಳಲ್ಲಿ ಇದು ಜಾಸ್ತಿ. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಪೂರ್ತಿ ಒಣಗಿಸಿ. ಕುದಿಯುವ ನೀರು ಬೇಡ, ತೆಳ್ಳನೆಯ ಭಾಗಗಳು ಬಾಗುತ್ತವೆ.

ಆಮೇಲೆ ಅಚ್ಚಿನ ಗೆರೆ ಹುಡುಕಿ. ಅಚ್ಚಿನ ಎರಡು ಭಾಗ ಕೂಡುವ ಜಾಗದಲ್ಲಿ ತಲೆ, ಭುಜ, ಕಾಲಿನ ಪಕ್ಕದಲ್ಲಿ ಕೂದಲೆಳೆಯಷ್ಟು ಉಬ್ಬು ಇರುತ್ತದೆ. ಚಾಕುವಿನ ಬೆನ್ನಿನಿಂದ ಅದನ್ನು ಕೆರೆಯಿರಿ, ಕತ್ತರಿಸಬೇಡಿ. ಬಣ್ಣ ಇದನ್ನು ಮುಚ್ಚುತ್ತದೆ ಅಂದುಕೊಳ್ಳಬೇಡಿ. ವಾಶ್ (ನೆರಳಿಗೆ ಹಾಕುವ ತೆಳು ಕಡು ಬಣ್ಣ) ಹಾಕಿದ ಕೂಡಲೇ ಕೆನ್ನೆ ಮೇಲೆ ಗಾಯದ ಗೆರೆಯಂತೆ ಎದ್ದು ಕಾಣುತ್ತದೆ.

ರೆಸಿನ್ ಉಜ್ಜುವಾಗ ಸ್ಯಾಂಡ್‌ಪೇಪರನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಶ್ವಾಸಕೋಶಕ್ಕೆ ಹೋಗಬಾರದು.

ಜೋಡಿಸುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಅಂಟಿಸಿದ ಮೇಲೆ ಹಿಂದಿನ ಜಾಗಕ್ಕೆ ಬ್ರಷ್ ಹೋಗುತ್ತದಾ? ಎದೆಗೆ ಅಡ್ಡವಾಗಿ ಹಿಡಿದ ಗುರಾಣಿ, ಬೆನ್ನ ಮೇಲಿನ ಚೀಲ, ಇಂಥವನ್ನು ಬೇರೆಯೇ ಬಣ್ಣ ಹಚ್ಚಿ ಕೊನೆಗೆ ಅಂಟಿಸಿ. ಉಳಿದದ್ದನ್ನು ಈಗಲೇ ಜೋಡಿಸಿ.

## ಹಂತ 2: ಪ್ರೈಮರ್

ಅಕ್ರಿಲಿಕ್ ಬಣ್ಣ ಬರೀ ಪ್ಲಾಸ್ಟಿಕ್ಕನ್ನಾಗಲಿ ಲೋಹವನ್ನಾಗಲಿ ಹಿಡಿದುಕೊಳ್ಳುವುದಿಲ್ಲ, ಉಗುರು ತಾಗಿದರೆ ಎದ್ದುಬರುತ್ತದೆ. ಹಿಡಿತ ಕೊಡುವುದು ಪ್ರೈಮರ್.

ಸ್ಪ್ರೇ ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಕುಲುಕಿ. ಗೊಂಬೆಯಿಂದ 20–30 ಸೆಂಟಿಮೀಟರ್ ದೂರ ಹಿಡಿಯಿರಿ. ಸ್ಪ್ರೇ ಗೊಂಬೆಯ ಹೊರಗೆ ಶುರುವಾಗಿ, ಅದರ ಮೇಲೆ ಹಾದು, ಹೊರಗೇ ಮುಗಿಯಬೇಕು. ಒಂದೇ ಸಲಕ್ಕೆ ಮುಚ್ಚಲು ಹೋಗಬೇಡಿ. ತೆಳುವಾಗಿ ಎರಡು ಮೂರು ಸಲ, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಬಯಲಲ್ಲಿ ಅಥವಾ ಕಿಟಕಿ ತೆರೆದಿಟ್ಟು, ಮಾಸ್ಕ್ ಹಾಕಿಕೊಂಡೇ ಮಾಡಿ.

ಕೈಯಾಡಿಸಿದಾಗ ತರಿತರಿ ಅನಿಸಿದರೆ ಸ್ಪ್ರೇ ದೂರದಿಂದ ಬಿದ್ದಿದೆ, ಅಥವಾ ಸೆಕೆಗೆ ಹನಿ ಗಾಳಿಯಲ್ಲೇ ಒಣಗಿದೆ. ಕಣ್ಣು ಮೂಗಿನ ಗುಳಿಗಳು ತುಂಬಿ ನಯವಾಗಿದ್ದರೆ ತೀರಾ ಹತ್ತಿರ ಹಿಡಿದಿದ್ದೀರಿ. ಮೇಲೆ ಬೂದಿ ಹರಡಿದ ಹಾಗಿದ್ದರೆ ಗಾಳಿಯಲ್ಲಿ ತೇವ ಜಾಸ್ತಿ ಇತ್ತು. ಮಳೆ ಹಿಡಿದ ದಿನ ಸ್ಪ್ರೇ ಮುಟ್ಟಲೇಬೇಡಿ, ಬ್ರಷ್ಷಿನಿಂದ ಹಚ್ಚುವ ಪ್ರೈಮರ್ ಬಳಸಿ.

ಮೊದಲ ಗೊಂಬೆಗೆ ಬೂದು ಬಣ್ಣದ ಪ್ರೈಮರ್ ಒಳ್ಳೆಯದು. ಕಪ್ಪು ಪ್ರೈಮರ್ ಮೇಲೆ ಹಳದಿ, ಕೆಂಪು ಹತ್ತಿಸಲು ಹೆಣಗಬೇಕು. ಬಿಳಿ ಮೇಲೆ ಬಿಟ್ಟುಹೋದ ಜಾಗವೆಲ್ಲ ಹಲ್ಲು ಕಿರಿಯುತ್ತದೆ. ಒಂದು ದಿನ ಒಣಗಲು ಬಿಡಿ.

## ಹಂತ 3: ಬೆಳಕು ಎಲ್ಲಿಂದ ಬೀಳುತ್ತದೆ ಅಂತ ಗುರುತು ಮಾಡಿಕೊಳ್ಳುವುದು

ಬಹುತೇಕ ಎಲ್ಲರೂ ಹಾರಿಸುವ ಹಂತ ಇದು.

28 ಮಿಲಿಮೀಟರ್ ಗೊಂಬೆಯ ಬಟ್ಟೆಯಲ್ಲಿ ಒಂದು ನೆರಿಗೆಯ ಆಳ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆಳೆತ್ತರದ ಮನುಷ್ಯನ ಮೇಲೆ ಬೀಳುವ ಗಾಢ ನೆರಳು ಅಷ್ಟು ಸಣ್ಣ ಗುಳಿಯಲ್ಲಿ ಬೀಳಲು ಸಾಧ್ಯವಿಲ್ಲ. ಅದಕ್ಕೇ ಒಂದೇ ಬಣ್ಣ ಹಚ್ಚಿ ಬಿಟ್ಟರೆ ಗೊಂಬೆ ಚಪ್ಪಟೆ ಕಾಣುತ್ತದೆ, ಬಣ್ಣ ಎಷ್ಟೇ ಸರಿಯಿರಲಿ. ಬೀಳದ ನೆರಳನ್ನು ನಾವೇ ಬರೆಯಬೇಕು.

ಕೋಣೆಯ ದೀಪ ಆರಿಸಿ, ಮೇಜಿನ ದೀಪವೊಂದನ್ನೇ ಗೊಂಬೆಯ ನೆತ್ತಿ ಮೇಲೆ ಹಿಡಿಯಿರಿ. ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ಇಟ್ಟುಕೊಳ್ಳಿ. ಹಣೆ, ಮೂಗಿನ ಮೇಲ್ಭಾಗ, ಭುಜ, ಮೊಣಕಾಲು ಬೆಳ್ಳಗಿರುತ್ತವೆ. ಗಲ್ಲದ ಕೆಳಗೆ, ಕಂಕುಳು, ತೊಡೆಯ ಒಳಬದಿ ಕಪ್ಪಾಗಿರುತ್ತವೆ. ಕೆಲಸದುದ್ದಕ್ಕೂ ಈ ಫೋಟೋ ಕಣ್ಣೆದುರಿಗಿರಲಿ.

ಇದನ್ನೇ ಸ್ಪ್ರೇಯಿಂದಲೂ ಮಾಡಬಹುದು. ಬೂದು ಪ್ರೈಮರ್ ಒಣಗಿದ ಮೇಲೆ, ನೆತ್ತಿಯ ಮೇಲಿನಿಂದ ಮಾತ್ರ ಒಂದು ಬಿಳಿ ಹೊಡೆತ. ಬೆಳಕಿನ ನಕ್ಷೆ ಗೊಂಬೆ ಮೇಲೇ ಮೂಡುತ್ತದೆ. ತೆಳು ಬಣ್ಣ ಹಚ್ಚಿದಾಗ ಅದು ಒಳಗಿಂದ ಕಾಣುವುದರಿಂದ ಅರ್ಧ ಕೆಲಸ ತಾನಾಗಿಯೇ ಆಗಿರುತ್ತದೆ.

## ಹಂತ 4: ಬಣ್ಣ ಬೆರೆಸುವುದು

ಇಲ್ಲಿ ಅವಸರ ಬೇಡ. ಒಂದು ಸಂಜೆ ಪೂರ್ತಿ ಬರೀ ಬೆರೆಸುವುದಕ್ಕೇ ಹೋದರೂ ನಷ್ಟವಿಲ್ಲ.

### ಮೊದಲು ಕಡು–ತಿಳಿ, ಆಮೇಲೆ ಬಣ್ಣ

ಕಣ್ಣಿಗೆ ಗೊಂಬೆಯ ಆಕಾರ ಗೊತ್ತಾಗುವುದು ಕಡು–ತಿಳಿಯ ವ್ಯತ್ಯಾಸದಿಂದ. ನೀಲಿಯ ಜಾಗದಲ್ಲಿ ಹಸಿರಿದ್ದರೂ ಆಕಾರ ಕೆಡುವುದಿಲ್ಲ. ನೆರಳಿನ ಜಾಗದಲ್ಲಿ ತಿಳಿ ಬಣ್ಣವಿದ್ದರೆ ಕೆಡುತ್ತದೆ. ಹಾಗಾಗಿ ಪ್ರತಿ ಬಟ್ಟೆಗೂ, ಚರ್ಮಕ್ಕೂ ಮೂರು ಗುಡ್ಡೆ ಬೆರೆಸಿ: ನೆರಳು, ನಡು, ಬೆಳಕು. ಮೂರನ್ನೂ ಬಿಳಿ ಕಾಗದದ ಮೇಲೆ ಪಕ್ಕಪಕ್ಕ ಸವರಿ, ಒಣಗಿದ ಮೇಲೆ ಫೋಟೋ ತೆಗೆದು ಕಪ್ಪುಬಿಳುಪು ಮಾಡಿ ನೋಡಿ. ಮೂರೂ ಬೇರೆ ಬೇರೆಯಾಗಿ ಕಂಡರೆ ಮುಂದೆ ಹೋಗಿ. ಎರಡು ಒಂದರೊಳಗೊಂದು ಬೆರೆತ ಹಾಗಿದ್ದರೆ ಗೊಂಬೆ ಮೇಲೂ ಹಾಗೇ ಆಗುತ್ತದೆ.

"ಒಣಗಿದ ಮೇಲೆ" ಅಂದಿದ್ದಕ್ಕೆ ಕಾರಣವಿದೆ. ಅಕ್ರಿಲಿಕ್‌ನ ಅಂಟು ಹಸಿ ಇದ್ದಾಗ ಬೆಳ್ಳಗಿರುತ್ತದೆ, ಒಣಗಿದರೆ ಪಾರದರ್ಶಕವಾಗುತ್ತದೆ. ಆದ್ದರಿಂದ ಹಸಿ ಬಣ್ಣಕ್ಕಿಂತ ಒಣಗಿದ ಬಣ್ಣ ತುಸು ಕಡುವಾಗಿರುತ್ತದೆ. ತಟ್ಟೆ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ.

### ಕಪ್ಪು ಯಾಕೆ ಬೇಡ, ಬಿಳಿ ಯಾಕೆ ಕಮ್ಮಿ

ನೆರಳಿಗೆ ಕಪ್ಪು ಸೇರಿಸಿದರೆ ಬಣ್ಣ ಸಾಯುತ್ತದೆ. ಹಳದಿಗೆ ಕಪ್ಪು ಸೇರಿಸಿ ನೋಡಿ, ನೆರಳಾಗುವ ಬದಲು ಪಾಚಿ ಹಸಿರಾಗುತ್ತದೆ. ಬರ್ನ್ಟ್ ಅಂಬರ್ ಮತ್ತು ಅಲ್ಟ್ರಾಮರೀನ್ ಸಮಸಮ ಬೆರೆಸಿದರೆ ಕಪ್ಪಿಗೆ ತೀರಾ ಹತ್ತಿರದ ಬಣ್ಣ ಸಿಗುತ್ತದೆ. ಅಂಬರ್ ಜಾಸ್ತಿ ಮಾಡಿದರೆ ಬೆಚ್ಚಗಿನ ಕಪ್ಪು, ನೀಲಿ ಜಾಸ್ತಿ ಮಾಡಿದರೆ ತಣ್ಣನೆಯ ಕಪ್ಪು. ಡಬ್ಬಿಯ ಕಪ್ಪಿಗೆ ಈ ಗುಣ ಇಲ್ಲ.

ಬೆಳಕಿಗೆ ಬರೀ ಬಿಳಿ ಸೇರಿಸಿದರೂ ಅದೇ ಪಾಡು. ಕೆಂಪಿಗೆ ಬಿಳಿ ಹಾಕಿದರೆ ಗುಲಾಬಿಯಾಗುತ್ತದೆ. ಕೆಂಪು ಬಟ್ಟೆಯ ಬೆಳಕಿಗೆ ಓಕರ್ ಅಥವಾ ನಿಂಬೆ ಹಳದಿ ಸೇರಿಸಿ ಕಿತ್ತಳೆ ಕಡೆಗೆ ಒಯ್ಯಿರಿ, ಕೊನೆಯ ಅಂಚಿಗೆ ಮಾತ್ರ ಅದಕ್ಕೊಂದು ಚೂರು ಬಿಳಿ. ಹಸಿರಿನ ಬೆಳಕಿಗೂ ಹಳದಿಯೇ. ನೀಲಿಗೆ ಬಿಳಿ ಹಾಕಬಹುದು, ಆದರೆ ಜೊತೆಗೊಂದು ಕಣ ಓಕರ್ ಇದ್ದರೆ ಬಟ್ಟೆಯಂತೆ ಕಾಣುತ್ತದೆ.

### ಬಣ್ಣದ ಹೊಳಪು ತಗ್ಗಿಸುವುದು

ಗೊಂಬೆಯನ್ನು ಆಟಿಕೆಯಂತೆ ಕಾಣಿಸುವುದು ಟ್ಯೂಬಿನಿಂದ ಬಂದ ಹಾಗೇ ಹಚ್ಚಿದ ಬಣ್ಣ. ತೊಟ್ಟ ಬಟ್ಟೆ, ಬಳಸಿದ ಚರ್ಮ, ಬಿಸಿಲು ಕಂಡ ಮರ ಅಷ್ಟು ಗಾಢವಾಗಿರುವುದಿಲ್ಲ. ಪ್ರತಿ ಬಣ್ಣಕ್ಕೂ ಅದರ ಎದುರು ಬಣ್ಣದ ಚೂರು ಸೇರಿಸಿ ತಣಿಸಬೇಕು. ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ. ಬರ್ನ್ಟ್ ಸಿಯೆನ್ನಾ ಕಿತ್ತಳೆಯ ಕುಲದ್ದೇ, ಹಾಗಾಗಿ ನೀಲಿಯನ್ನು ಮಾಸಲು ಮಾಡಲು ಅದೇ ಸಾಕು.

ಸೈನಿಕರ ಉಡುಪಿನಂಥ ಮಾಸಲು ಹಸಿರಿಗೆ ಅಲ್ಟ್ರಾಮರೀನ್ ಜೊತೆ ಓಕರ್ ಬೆರೆಸಿ. ಎಳೆ ಹುಲ್ಲಿನ ಹಸಿರು ಬೇಕಿದ್ದರೆ ನಿಂಬೆ ಹಳದಿಗೆ ಥ್ಯಾಲೋ ಬ್ಲೂ. ಥ್ಯಾಲೋ ವಿಷಯದಲ್ಲಿ ಹುಷಾರಾಗಿರಿ. ಸಾಸಿವೆ ಕಾಳಿನಷ್ಟು ಬಿದ್ದರೂ ಇಡೀ ಗುಡ್ಡೆ ನೀಲಿಯಾಗುತ್ತದೆ. ಯಾವಾಗಲೂ ತಿಳಿ ಬಣ್ಣದ ಗುಡ್ಡೆಗೆ ಕಡು ಬಣ್ಣವನ್ನು ಬ್ರಷ್ ಮೊನೆಯಿಂದ ಸೇರಿಸುತ್ತಾ ಹೋಗಿ. ಉಲ್ಟಾ ಮಾಡಿದರೆ ಕಡು ಬಣ್ಣವನ್ನು ತಿಳಿ ಮಾಡಲು ಅರ್ಧ ಟ್ಯೂಬ್ ಬಿಳಿ ಖಾಲಿಯಾಗುತ್ತದೆ.

ಇನ್ನೊಂದು ವಿಷಯ. ನಿಜವಾದ ಉಡುಪಿನ ಬಣ್ಣವನ್ನು ಹಾಗ್ಹಾಗೇ ನಕಲು ಮಾಡಿ ಗೊಂಬೆಗೆ ಹಚ್ಚಿದರೆ ಕಪ್ಪಾಗಿ ಕಾಣುತ್ತದೆ. ಗಾತ್ರ ಸಣ್ಣದಾದಷ್ಟೂ ನಡುಬಣ್ಣ ತುಸು ತಿಳಿಯಾಗಿರಬೇಕು. ನಿಜದ ಅಳತೆಯ 1/72 ಭಾಗದಷ್ಟಿರುವ ಸೈನಿಕನಿಗೆ 1/35ರವನಿಗಿಂತ ತಿಳಿ.

### ಚರ್ಮದ ಬಣ್ಣ

"ಫ್ಲೆಶ್" ಅಂತ ಬರೆದಿರುವ ಬಾಟಲಿ ಕೊಳ್ಳಬೇಡಿ. ಎಲ್ಲ ಮೈಬಣ್ಣವೂ ಹಳದಿ, ಕೆಂಪು, ನೀಲಿ ಕೂಡಿದ ಕಂದಿನ ಬೇರೆ ಬೇರೆ ಹದ. ಕೆಳಗಿನ ಅಳತೆಗಳು ಬರೀ ಆರಂಭಕ್ಕೆ. ಒಂದೊಂದು ಕಂಪನಿಯ ಬಣ್ಣದ ಬಲ ಒಂದೊಂದು ಥರ.

ಬಿಳಿಚು ಮೈಗೆ: ಬಿಳಿ ಮೂರು ಪಾಲು, ಓಕರ್ ಎರಡು ಪಾಲು, ಕೆಂಪು ಅರ್ಧ ಪಾಲು, ಅಲ್ಟ್ರಾಮರೀನ್ ಒಂದು ಕಣ. ನೀಲಿ ಬಿಟ್ಟರೆ ಸಿಗುವುದು ಗೊಂಬೆಯ ಗುಲಾಬಿ, ಮನುಷ್ಯನ ಚರ್ಮವಲ್ಲ. ನೆರಳಿಗೆ ಇದಕ್ಕೇ ಬರ್ನ್ಟ್ ಸಿಯೆನ್ನಾ ಮತ್ತು ಇನ್ನೊಂದು ಕಣ ನೀಲಿ.

ಗೋದಿ ಬಣ್ಣಕ್ಕೆ: ಓಕರ್ ಎರಡು, ಬರ್ನ್ಟ್ ಸಿಯೆನ್ನಾ ಒಂದು, ಬಿಳಿ ಒಂದು, ನೀಲಿ ಒಂದು ಕಣ. ನೆರಳಿಗೆ ಸಿಯೆನ್ನಾ ಮತ್ತು ಅಂಬರ್. ಬೆಳಕಿಗೆ ಮೊದಲು ಓಕರ್, ಆಮೇಲೆ ಬಿಳಿ.

ಎಣ್ಣೆಗೆಂಪಿನಿಂದ ಕಪ್ಪು ಮೈವರೆಗೆ: ಬರ್ನ್ಟ್ ಅಂಬರ್ ಎರಡು, ಬರ್ನ್ಟ್ ಸಿಯೆನ್ನಾ ಒಂದು, ಸ್ವಲ್ಪ ಅಲ್ಟ್ರಾಮರೀನ್. ಎಣ್ಣೆಗೆಂಪಿಗೆ ಸಿಯೆನ್ನಾ ಹೆಚ್ಚಿಸಿ. ನೆರಳಿಗೆ ನೀಲಿ ಹೆಚ್ಚಿಸಿ. ಜನ ಎಡವುವುದು ಇದರ ಬೆಳಕಿನಲ್ಲಿ. ಅಂಬರ್‌ಗೆ ನೇರವಾಗಿ ಬಿಳಿ ಸೇರಿಸುತ್ತಾರೆ, ಮುಖ ಬೂದಿ ಮೆತ್ತಿದ ಹಾಗಾಗುತ್ತದೆ. ಸಿಯೆನ್ನಾ, ಆಮೇಲೆ ಓಕರ್, ಆ ದಾರಿಯಲ್ಲಿ ಮೇಲೇರಿ. ಮೂಗಿನ ತುದಿ, ಕೆನ್ನೆಯ ಎಲುಬಿನ ಮೇಲೆ ಮಾತ್ರ ಕೊನೆಗೆ ತಿಳಿಯಾದ ಒಂದು ಚುಕ್ಕೆ. ಕಡು ಚರ್ಮದ ಮೇಲೆ ಬೆಳಕು ಸಣ್ಣ ಜಾಗದಲ್ಲಿ ಜೋರಾಗಿ ಮಿನುಗುತ್ತದೆ, ಅಗಲವಾಗಿ ಹರಡುವುದಿಲ್ಲ.

ಯಾವ ಮೈಬಣ್ಣವಾದರೂ ಮುಖವೆಲ್ಲ ಒಂದೇ ಥರ ಇರುವುದಿಲ್ಲ. ಹಣೆ ತುಸು ಹಳದಿ. ಕೆನ್ನೆ, ಮೂಗಿನ ತುದಿ, ಕಿವಿ ತುಸು ಕೆಂಪು. ಗಡ್ಡ ಬೋಳಿಸಿದ ಗಲ್ಲ ತುಸು ನೀಲಿ ಬೂದು. ಕನ್ನಡಿ ಮುಂದೆ ಹಗಲ ಬೆಳಕಿನಲ್ಲಿ ನಿಂತು ನಿಮ್ಮ ಮುಖವನ್ನೇ ನೋಡಿಕೊಳ್ಳಿ, ಬೇರೆ ಪಾಠ ಬೇಕಿಲ್ಲ.

### ಕಪ್ಪು ಬಟ್ಟೆ, ಬಿಳಿ ಬಟ್ಟೆ

ಕಪ್ಪು ಬಟ್ಟೆಯ ನಡುಬಣ್ಣ ಕಡು ಬೂದು. ಅಪ್ಪಟ ಕಪ್ಪು ನೆರಿಗೆಯ ಆಳದಲ್ಲಿ ಮಾತ್ರ. ಬೆಳಕನ್ನು ನೀಲಿ ಬೂದಿನಿಂದ ತೆಳ್ಳನೆಯ ಗೆರೆಯಾಗಿ ಕೊಡಿ. ಬೆಳಕು ಅಗಲವಾದರೆ ಅದು ಕಪ್ಪು ಬಟ್ಟೆಯಾಗಿ ಉಳಿಯುವುದಿಲ್ಲ, ಬೂದು ಬಟ್ಟೆಯಾಗುತ್ತದೆ. ಬಿಳಿ ಬಟ್ಟೆಗೆ ಇದರ ತದ್ವಿರುದ್ಧ: ಶುರು ಮಾಡುವುದು ತಿಳಿ ಬೂದಿನಿಂದ, ಅಪ್ಪಟ ಬಿಳಿ ಭುಜ ಮತ್ತು ನೆರಿಗೆಯ ತಲೆಗೆ ಮಾತ್ರ.

ಬೆರೆಸಿದ್ದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಸವರಿ, ಪಕ್ಕದಲ್ಲಿ ಪಾಲು ಬರೆದಿಡಿ. ಇಡೀ ಬಟ್ಟೆಗೆ ಸಾಕಾಗುವಷ್ಟು ಒಂದೇ ಸಲ ಬೆರೆಸಿ. ಅರ್ಧದಲ್ಲಿ ಮುಗಿದರೆ ಅದೇ ಬಣ್ಣ ಮತ್ತೆ ಬರುವುದು ಕಷ್ಟ.

## ಹಂತ 5: ಹದ ನೋಡುವುದು

ಡ್ರಾಪರ್ ಬಾಟಲಿಯ ಬಣ್ಣವಾದರೆ ಒಂದು ಹನಿ ಬಣ್ಣಕ್ಕೆ ಸುಮಾರು ಒಂದು ಹನಿ ನೀರು. ಟ್ಯೂಬಿನದ್ದು ಗಟ್ಟಿ, ಅದಕ್ಕೆ ಇನ್ನೂ ಜಾಸ್ತಿ. ಅಳತೆಗಿಂತ ಪರೀಕ್ಷೆ ಮುಖ್ಯ: ಅಚ್ಚಾದ ಕಾಗದದ ಮೇಲೆ ಒಂದು ಗೆರೆ ಎಳೆಯಿರಿ. ಅಕ್ಷರ ಪೂರ್ತಿ ಮುಚ್ಚಿಹೋದರೆ ಗಟ್ಟಿ. ಮಸುಕಾಗಿ ಓದಲು ಬಂದರೆ ಹದ ಸರಿ. ಗೆರೆ ನಿಲ್ಲದೆ ಅಂಚಿನಿಂದ ಹರಿದರೆ ನೀರು ಜಾಸ್ತಿ.

ಬ್ರಷ್ಷಿಗೆ ಬಣ್ಣ ತುಂಬಿಸುವುದೂ ಅಷ್ಟೇ ಮುಖ್ಯ. ಕೂದಲಿನ ಅರ್ಧದವರೆಗೆ ಮಾತ್ರ ಅದ್ದಿ. ಟಿಶ್ಯೂ ಮೇಲೆ ಒಮ್ಮೆ ಪಕ್ಕವಾಗಿ ತಾಗಿಸಿ. ಆಮೇಲೆ ತಟ್ಟೆಯ ಮೇಲೆ ಹೊರಳಿಸುತ್ತಾ ಎಳೆದು ಮೊನೆ ಮಾಡಿಕೊಳ್ಳಿ. ತಂತಾನೇ ಹರಿದು ಗುಳಿಗಳಿಗೆ ಇಳಿಯುತ್ತಿದ್ದರೆ ಟಿಶ್ಯೂ ತಾಗಿಸುವುದನ್ನು ಮರೆತಿದ್ದೀರಿ. ಮೊನೆ ಮಾಡಲು ಬ್ರಷ್ಷನ್ನು ಬಾಯಿಗಿಡುವ ಅಭ್ಯಾಸ ಬೇಡವೇ ಬೇಡ. ಕೆಲವು ಪಿಗ್ಮೆಂಟ್‌ಗಳಲ್ಲಿ ಕ್ಯಾಡ್ಮಿಯಂ, ಕೋಬಾಲ್ಟ್ ಇರುತ್ತವೆ.

## ಹಂತ 6: ತಳದ ಬಣ್ಣ

ಒಳಗಿನಿಂದ ಹೊರಗೆ ಬನ್ನಿ. ಚರ್ಮ ಮೊದಲು, ಅದರ ಮೇಲಿನ ಬಟ್ಟೆ, ಆಮೇಲೆ ಬೆಲ್ಟು, ಚೀಲ, ಕೊನೆಗೆ ಆಯುಧ. ಬಟ್ಟೆ ಹಚ್ಚುವಾಗ ಕತ್ತಿನ ಮೇಲೆ ಬಣ್ಣ ತಾಗುವುದಕ್ಕಿಂತ, ಕತ್ತು ಹಚ್ಚುವಾಗ ಬಟ್ಟೆ ಜಾಗಕ್ಕೆ ತಾಗಿದರೆ ಸರಿಮಾಡುವುದು ಸುಲಭ, ಅಲ್ವಾ?

ನಡುಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಿ. ಮೊದಲ ಪದರ ತೇಪೆ ತೇಪೆಯಾಗಿ ಕಾಣುತ್ತದೆ. ಕಾಣಲಿ. ಗಾಬರಿಯಿಂದ ಅದರ ಮೇಲೇ ತಕ್ಷಣ ಬ್ರಷ್ ಆಡಿಸಿದರೆ ಅರ್ಧ ಒಣಗಿದ ಪೊರೆ ಕಿತ್ತು ಬರುತ್ತದೆ, ಕೆಳಗಿನ ಪ್ರೈಮರ್ ಕಾಣುತ್ತದೆ, ಅಂಚಿನಲ್ಲಿ ಗಂಟು ಉಳಿಯುತ್ತದೆ. ಒಮ್ಮೆ ಕಿತ್ತರೆ ಕೈ ತೆಗೆಯಿರಿ, ಪೂರ್ತಿ ಒಣಗಿದ ಮೇಲಷ್ಟೇ ಮುಟ್ಟಿ. ಹಳದಿ, ಕೆಂಪು ಚೆನ್ನಾಗಿ ಮುಚ್ಚುವುದಿಲ್ಲ. ಹಳದಿಯ ಕೆಳಗೆ ಮೊದಲು ಓಕರ್, ಕೆಂಪಿನ ಕೆಳಗೆ ಮೊದಲು ಸಿಯೆನ್ನಾ ಹಚ್ಚಿದರೆ ಎರಡು ಪದರ ಹಚ್ಚುವ ಕೆಲಸ ಉಳಿತಾಯವಾಗುತ್ತದೆ.

## ಹಂತ 7: ನೆರಳು

ವಾಶ್ ಅಂತ ಕರೆಯುವ ತೆಳು ಕಡು ಬಣ್ಣವನ್ನು ಗೊಂಬೆ ಮೇಲೆಲ್ಲ ಸುರಿಯುವುದು ಅತಿ ಸಾಮಾನ್ಯ ತಪ್ಪು. ಎಲ್ಲ ಬಣ್ಣವೂ ಕೊಳೆಯಾಗುತ್ತದೆ, ಚಪ್ಪಟೆ ಜಾಗದಲ್ಲಿ ನೀರು ಒಣಗಿದ ಉಂಗುರದಂಥ ಕಲೆ ಉಳಿಯುತ್ತದೆ. ನೆರಿಗೆಯ ಆಳಕ್ಕೆ, ಬೆಲ್ಟಿನ ಕೆಳಗೆ, ಬೆರಳುಗಳ ನಡುವೆ ಮಾತ್ರ ಹಾಕಿ. ಎಲ್ಲಾದರೂ ಹನಿ ನಿಂತರೆ ತಕ್ಷಣ ಒದ್ದೆ ಮಾಡಿ ಒರೆಸಿದ ಬ್ರಷ್ಷನ್ನು ತಾಗಿಸಿ, ಅದೇ ಹೀರಿಕೊಳ್ಳುತ್ತದೆ.

ದೊಡ್ಡ ಜಾಗದ ನೆರಳಿಗೆ ಗ್ಲೇಜ್, ಅಂದರೆ ಕೆಳಗಿನ ಬಣ್ಣ ಕಾಣುವಷ್ಟು ತೆಳುವಾದ ಪದರ, ಒಳ್ಳೆಯದು. ನೆರಳಿನ ಬಣ್ಣ ಒಂದು ಪಾಲು, ನೀರು ಮತ್ತು ಗ್ಲೇಜ್ ಮೀಡಿಯಂ (ಬಣ್ಣವಿಲ್ಲದ ಅಕ್ರಿಲಿಕ್ ಅಂಟು) ಸೇರಿ ಆರೇಳು ಪಾಲು. ಬರೀ ನೀರು ಇಷ್ಟು ಸೇರಿಸಿದರೆ ಅಂಟಿನ ಬಲ ಹೋಗಿ ಬಣ್ಣ ಪುಡಿಯಾಗಿ ಕೂರುತ್ತದೆ, ಅದಕ್ಕೇ ಮೀಡಿಯಂ.

ಬ್ರಷ್ ಎತ್ತುವ ಜಾಗದಲ್ಲಿ ಬಣ್ಣ ಜಾಸ್ತಿ ಕೂರುತ್ತದೆ. ಇದನ್ನು ಒಂದು ನೆರಿಗೆಯ ಮೇಲೆ ನಿಧಾನವಾಗಿ ಮಾಡಿ ನೋಡಿ. ನೆರಳು ಹಚ್ಚುವಾಗ ಬ್ರಷ್ಷನ್ನು ನೆರಿಗೆಯ ತಲೆಯಿಂದ ಆಳದ ಕಡೆಗೆ ಎಳೆದು ಅಲ್ಲೇ ಎತ್ತಿ. ಶುರುವಿನಲ್ಲಿ ಬಣ್ಣ ಇದ್ದೂ ಇಲ್ಲದ ಹಾಗೆ, ಕೊನೆಯಲ್ಲಿ ಗಾಢವಾಗಿ ಇರುತ್ತದೆ. ಬೆಳಕು ಹಚ್ಚುವಾಗ ಆಳದಿಂದ ತಲೆಯ ಕಡೆಗೆ. ನಡುಬಣ್ಣದಿಂದ ನೆರಳಿಗೆ ನಯವಾಗಿ ಇಳಿಯುವ ಗುಟ್ಟು ಇಷ್ಟೇ. ಎಳೆಯುವ ದಿಕ್ಕು ಉಲ್ಟಾ ಆದರೆ ಎಷ್ಟು ಪದರ ಹಾಕಿದರೂ ಗೆರೆ ಉಳಿಯುತ್ತದೆ.

## ಹಂತ 8: ಬೆಳಕು

ಮೂರನೇ ಹಂತದ ಫೋಟೋ ನೋಡಿ. ಬೆಳ್ಳಗಿರುವ ಜಾಗಗಳಿಗೆ ಮಾತ್ರ ಬೆಳಕಿನ ಬಣ್ಣ. ಪ್ರತಿ ಪದರವೂ ಹಿಂದಿನದಕ್ಕಿಂತ ಸಣ್ಣ ಜಾಗದಲ್ಲಿರಬೇಕು, ಹಿಂದಿನದಕ್ಕಿಂತ ತಿಳಿಯಾಗಿರಬೇಕು.

ನಡುವೆ ಆಗಾಗ ತೋಳಿನಷ್ಟು ದೂರ ಹಿಡಿದು ನೋಡಿ. ಭೂತಗನ್ನಡಿಯಲ್ಲಿ ಅತಿಯಾಯಿತು ಅನಿಸಿದ್ದು ದೂರದಿಂದ ಸರಿಯಾಗಿಯೇ ಕಾಣುತ್ತದೆ. ಹೊಸಬರು ಬೆಳಕಿನಲ್ಲಿ ಹೆದರಿ ನಿಲ್ಲಿಸುವುದೇ ಜಾಸ್ತಿ. ಒಂದು ಮೆಟ್ಟಿಲು ಮುಂದೆ ಹೋಗಿ ಅನ್ನುವುದು ನನ್ನ ಸಲಹೆ. ಬಣ್ಣ ಸುಣ್ಣದ ಪುಡಿಯಂತೆ ಕೂರಲು ಶುರುವಾದರೆ ಬಿಳಿ ಅತಿಯಾಗಿದೆ. ನಡುಬಣ್ಣದ ತೆಳು ಗ್ಲೇಜ್ ಒಂದು ಪದರ ಎಳೆಯಿರಿ, ನೆರಳು ಬೆಳಕು ಎರಡೂ ಮತ್ತೆ ಕೂಡಿಕೊಳ್ಳುತ್ತವೆ.

## ಹಂತ 9: ಕಣ್ಣು

ಚರ್ಮದ ತಳದ ಬಣ್ಣ ಒಣಗಿದ ಮೇಲೆ, ಮುಖಕ್ಕೆ ನೆರಳು ಬೆಳಕು ಕೊಡುವ ಮುಂಚೆಯೇ ಕಣ್ಣು ಮುಗಿಸಿ. ತಪ್ಪಿದರೆ ಚರ್ಮದ ಬಣ್ಣದಿಂದ ಮುಚ್ಚಬಹುದು.

ಮೊದಲು ಕಣ್ಣಿನ ಗುಳಿಯನ್ನು ಕಡು ಕಂದಿನಿಂದ ತುಂಬಿ. ಕಪ್ಪು ಬೇಡ. ಅದರೊಳಗೆ ಮಾಸಲು ಬಿಳಿಯ ಒಂದು ಅಡ್ಡ ಗೆರೆ, ಸುತ್ತ ಕಂದು ಅಂಚು ಉಳಿಯುವ ಹಾಗೆ. ಅಪ್ಪಟ ಬಿಳಿ ಹಾಕಿದರೆ ಬೆಚ್ಚಿಬಿದ್ದ ಮುಖವಾಗುತ್ತದೆ. ಆಮೇಲೆ ಪಾಪೆ. ಅದು ದುಂಡಗಿರಬೇಕಿಲ್ಲ. ಮೇಲಿನ ರೆಪ್ಪೆಯಿಂದ ಕೆಳಗಿನ ರೆಪ್ಪೆಗೆ ತಾಗುವ ಒಂದು ನಿಂತ ಗೆರೆ ಸಾಕು. ಎರಡು ಕಡೆಯೂ ಬಿಳಿಯ ನಡುವೆ ತೇಲುವ ಚುಕ್ಕೆಯಾದರೆ ಕಣ್ಣು ಅರಳಿಸಿದ ಹಾಗೆ ಕಾಣುತ್ತದೆ. ಎರಡೂ ಪಾಪೆಯನ್ನು ಒಂದೇ ಪಕ್ಕಕ್ಕೆ ಇಡಿ, ನೇರ ನೋಟಕ್ಕಿಂತ ಓರೆ ನೋಟ ಸರಿಹೊಂದಿಸುವುದು ಸುಲಭ. ಕೊನೆಗೆ ಚರ್ಮದ ಬಣ್ಣದಿಂದ ಕೆಳಗಿನ ರೆಪ್ಪೆಯ ಅಂಚನ್ನು ತಿದ್ದಿ.

1/72 ಗೊಂಬೆಗೆ ಇದ್ಯಾವುದೂ ಬೇಡ. ಹುಬ್ಬಿನ ಕೆಳಗೆ ಒಂದು ಕಂದು ನೆರಳು ಸಾಕು. ದೂರದಿಂದ ನೋಡಿದ ಮನುಷ್ಯನ ಕಣ್ಣಿನ ಬಿಳಿ ನಮಗೂ ಕಾಣುವುದಿಲ್ಲ.

## ಹಂತ 10: ಲೋಹ ಮತ್ತು ಚರ್ಮದ ಸಾಮಾನು

ಲೋಹದ ಬಣ್ಣದೊಳಗೆ ಮಿನುಗುವ ಸಣ್ಣ ಚೂರುಗಳಿರುತ್ತವೆ. ಅವು ನೀರಿಗೆ ಸೇರಿದರೆ ಆಮೇಲೆ ಹಚ್ಚುವ ಚರ್ಮ, ಬಟ್ಟೆಯೆಲ್ಲ ಮಿನುಗುತ್ತದೆ. ಎರಡನೇ ಲೋಟ ನೀರು ಇದಕ್ಕೇ, ಸಿಂಥೆಟಿಕ್ ಬ್ರಷ್ ಕೂಡ ಇದಕ್ಕೇ. ಕಪ್ಪು ತಳದ ಮೇಲೆ ಲೋಹದ ಬಣ್ಣ, ಅದರ ಮೇಲೆ ಕಂದು ವಾಶ್, ಆಮೇಲೆ ಅಂಚುಗಳಿಗೆ ಮಾತ್ರ ಬೆಳ್ಳಿ.

ಬೆಲ್ಟು, ಬೂಟಿಗೆ ಅಂಬರ್ ತಳ. ಸವೆಯುವ ಅಂಚುಗಳಲ್ಲಿ ಅಂಬರ್–ಓಕರ್ ಬೆರಕೆಯಿಂದ ಸಣ್ಣ ಸಣ್ಣ ಗೀರು. ನಯ ಮಾಡಲು ಹೋಗಬೇಡಿ, ಗೀರು ಕಂಡರೇ ಚೆನ್ನ.

## ಹಂತ 11: ವಾರ್ನಿಶ್

ಬಣ್ಣ ಮುಗಿದು ಒಂದು ದಿನವಾದರೂ ಕಳೆಯಲಿ. ಕೈಯಲ್ಲಿ ಹಿಡಿದು ಆಡುವ ಗೊಂಬೆಯಾದರೆ ಮೊದಲು ಗ್ಲಾಸ್ (ಹೊಳೆಯುವ ವಾರ್ನಿಶ್), ಅದು ಒಣಗಿದ ಮೇಲೆ ಮ್ಯಾಟ್ (ಹೊಳಪಿಲ್ಲದ್ದು). ಗಟ್ಟಿತನಕ್ಕೆ ಗ್ಲಾಸ್, ಹೊಳಪು ಕಳೆಯಲು ಮ್ಯಾಟ್. ಕಪಾಟಿನಲ್ಲಿಡುವ ಗೊಂಬೆಗೆ ಮ್ಯಾಟ್ ಒಂದೇ ಸಾಕು. ಮ್ಯಾಟ್ ಡಬ್ಬಿಯನ್ನು ಪ್ರೈಮರ್‌ಗಿಂತಲೂ ಜಾಸ್ತಿ ಕುಲುಕಬೇಕು. ಹೊಳಪು ಕಳೆಯುವ ಪುಡಿ ತಳದಲ್ಲಿ ಕೂತಿರುತ್ತದೆ. ಮೊದಲು ಒಂದು ಹಾಳು ಗೊಂಬೆ ಮೇಲೋ ಪ್ಲಾಸ್ಟಿಕ್ ಚೂರಿನ ಮೇಲೋ ಹೊಡೆದು ನೋಡಿ.

ಗೊಂಬೆ ಮೇಲೆ ಮಂಜು ಕವಿದ ಹಾಗೆ ಬೆಳ್ಳಗಾದರೆ ಒರೆಸಬೇಡಿ, ಉಜ್ಜಬೇಡಿ. ತೇವ ಇಲ್ಲದ ದಿನ ತೆಳುವಾಗಿ ಗ್ಲಾಸ್ ವಾರ್ನಿಶ್ ಹಚ್ಚಿದರೆ ಬಹಳ ಸಲ ಆ ಮಬ್ಬು ಕರಗುತ್ತದೆ. ಆಮೇಲೆ ಮತ್ತೆ ಮ್ಯಾಟ್.

ಮ್ಯಾಟ್ ಎಲ್ಲದರ ಹೊಳಪನ್ನೂ ತೆಗೆಯುತ್ತದೆ, ಕತ್ತಿಯದ್ದೂ ಕಣ್ಣಿನದ್ದೂ. ಒಣಗಿದ ಮೇಲೆ ಲೋಹದ ಅಂಚು, ಕಣ್ಣಿನ ಪಾಪೆ, ಕೆಳದುಟಿ, ಇವಕ್ಕೆ ಬ್ರಷ್ ಮೊನೆಯಿಂದ ಗ್ಲಾಸ್ ವಾರ್ನಿಶ್ ತಾಗಿಸಿ. ಬೇರೆ ಇಟ್ಟಿದ್ದ ಗುರಾಣಿ, ಚೀಲಗಳನ್ನು ಈಗ ಅಂಟಿಸಿ. ಅಂಟು ಕೂರುವ ಜಾಗದಲ್ಲಿ ಮಾತ್ರ ಬಣ್ಣವನ್ನು ಚಾಕುವಿನಿಂದ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಅಂಟು ಹಿಡಿಯುವುದು ಬಣ್ಣದ ಪೊರೆಯನ್ನು, ಗೊಂಬೆಯನ್ನಲ್ಲ.